ಮೀನು ಯಾವುದು, ಯಾವುದಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರಿಗೆ ಪ್ರಾಣಿಗಳ ವರ್ಗೀಕರಣದ ಪಾಠ ಬಂತೆಂದರೆ ಒಂದು ವಾರ ಮೀನಿನದ್ದೇ ಗಲಾಟೆ. ನಾನಿರುವುದು ಕರಾವಳಿಯಲ್ಲಿ. ಇಲ್ಲಿನ ಮಕ್ಕಳಿಗೆ ಮೀನಿನ ಬಗ್ಗೆ ನನಗಿಂತ ಜಾಸ್ತಿ ಗೊತ್ತು. ಹಾಗಾಗಿ ಅವರು ಕೇಳುವುದಕ್ಕೆಲ್ಲ ಪುಸ್ತಕದ ಉತ್ತರ ಸಾಕಾಗುವುದಿಲ್ಲ. ಹತ್ತಾರು ಸಲ ಉತ್ತರ ಹೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೇ ಕಡೆ ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು.

ಮೀನು ಅಂದರೆ ಏನು? ಒಂದೇ ಮಾತಿನಲ್ಲಿ ಹೇಳಬಹುದಾ?

ಹೇಳಬಹುದು. ಆದರೆ ಆ ಮಾತು ಪೂರ್ತಿ ನಿಲ್ಲುವುದಿಲ್ಲ. ನೀರಿನಲ್ಲಿ ಬದುಕುವ, ಸಾಯುವವರೆಗೂ ಕಿವಿರು ಇರುವ, ಕೈಕಾಲಿನ ಬದಲು ಈಜುರೆಕ್ಕೆ ಇರುವ, ತಲೆಬುರುಡೆ ಇರುವ ಪ್ರಾಣಿ ಮೀನು. ‘ಸಾಯುವವರೆಗೂ’ ಅನ್ನುವುದನ್ನು ಮರೆಯಬೇಡಿ. ಕಪ್ಪೆಯ ಗೊದಮೊಟ್ಟೆಗೂ ಕಿವಿರು ಇರುತ್ತದೆ. ಅದು ಬೆಳೆದು ಕಪ್ಪೆಯಾಗುವಾಗ ಕಿವಿರು ಕರಗಿ ಹೋಗುತ್ತದೆ, ಶ್ವಾಸಕೋಶ ಕೆಲಸಕ್ಕೆ ಬರುತ್ತದೆ.

ಈ ಮಾತಿನಿಂದ ಜಾರಿಕೊಳ್ಳುವ ಮೀನುಗಳು ಬೇಕಾದಷ್ಟಿವೆ. ಮೀನು ಅಲ್ವಾ, ಜಾರದೆ ಇರುತ್ತಾ! ಕೆರೆಯ ಕೊರವ ಮೀನು ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ಮೇಲೆ ಬರಲು ಬಿಡದೆ ಹಿಡಿದಿಟ್ಟರೆ ನೀರೊಳಗೇ ಉಸಿರುಗಟ್ಟಿ ಸಾಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿನಲ್ಲಿ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಇಳಿತದ ಹೊತ್ತಿನಲ್ಲಿ ನೀರಿಗಿಂತ ಹೊರಗಿರುವುದೇ ಹೆಚ್ಚು. ಈಲ್‌ಗಳಿಗೆ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ ಇಲ್ಲ. ಚೇಳು ಮೀನಿನ ಮೈಮೇಲೆ ಒಂದೇ ಒಂದು ಹುರುಪೆ ಇಲ್ಲ. ಆದರೂ ಇವೆಲ್ಲ ಮೀನುಗಳೇ. ಯಾಕೆ ಅನ್ನುವುದು ಕೆಳಗೆ ಬರುತ್ತದೆ.

ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಮೀನಿನ ಜಾಗ ಎಲ್ಲಿ?

ಪ್ರಾಣಿಗಳಲ್ಲಿ ‘ಕಾರ್ಡೇಟಾ’ ಅನ್ನುವ ದೊಡ್ಡ ವಿಭಾಗ ಒಂದಿದೆ. ಬೆಳವಣಿಗೆಯ ಯಾವುದೋ ಒಂದು ಹಂತದಲ್ಲಾದರೂ ಬೆನ್ನಿನುದ್ದಕ್ಕೆ ಮೆದುವಾದ ಒಂದು ಕಂಬಿ ಇರುವ ಪ್ರಾಣಿಗಳು ಇದರಲ್ಲಿವೆ. ಅದರೊಳಗೆ ಬೆನ್ನೆಲುಬು ಇರುವವು ಕಶೇರುಕಗಳು. ಶಾಲೆಯ ಲೆಕ್ಕದಲ್ಲಿ ಕಶೇರುಕಗಳು ಐದು ಬಗೆ: ಮೀನು, ಉಭಯವಾಸಿ, ಸರೀಸೃಪ, ಹಕ್ಕಿ, ಸಸ್ತನಿ.

ಐದು ಅಂದ ಕೂಡಲೇ ಐದು ಸಮಪಾಲು ಅಂತ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಇಲ್ಲಿಯವರೆಗೆ ಹೆಸರಿಟ್ಟ ಮೀನಿನ ಜಾತಿಗಳು 36,000ಕ್ಕೂ ಹೆಚ್ಚು. ಕಪ್ಪೆ, ಹಾವು, ಹಕ್ಕಿ, ಹುಲಿ, ಮನುಷ್ಯ ಎಲ್ಲವನ್ನೂ ತಕ್ಕಡಿಯ ಒಂದು ಕಡೆ ಹಾಕಿ, ಇನ್ನೊಂದು ಕಡೆ ಮೀನುಗಳನ್ನು ಮಾತ್ರ ಹಾಕಿದರೆ, ಜಾತಿಗಳ ಲೆಕ್ಕದಲ್ಲಿ ತಕ್ಕಡಿ ಹೆಚ್ಚು ಕಡಿಮೆ ಸಮವಾಗಿ ನಿಲ್ಲುತ್ತದೆ. ವಯಸ್ಸಿನಲ್ಲಂತೂ ಮೀನೇ ಹಿರಿಯ. ಚೀನಾದ ಯುನ್ನಾನ್ ಪ್ರಾಂತ್ಯದ ಚೆಂಗ್‌ಜಿಯಾಂಗ್‌ನಲ್ಲಿ ಸಿಕ್ಕ, ಬೆರಳಿಗಿಂತ ಚಿಕ್ಕದಾದ ಮೀನಿನಂಥ ಪಳೆಯುಳಿಕೆಗಳಿಗೆ ಸುಮಾರು 52 ಕೋಟಿ ವರ್ಷ. ಆಗ ನೆಲದ ಮೇಲೆ ಬೆನ್ನೆಲುಬಿರುವ ಒಂದು ಪ್ರಾಣಿಯೂ ಇರಲಿಲ್ಲ.

ಸಿಗಡಿ, ಏಡಿ, ಬೊಂಡಾಸ್ (ಸ್ಕ್ವಿಡ್), ನಕ್ಷತ್ರ ಮೀನು? ಇವೂ ಮೀನೇ ಅಲ್ವಾ?

ಮೀನಿನ ಬುಟ್ಟಿಯಲ್ಲಿವೆ, ಮೀನಲ್ಲ. ಇವು ಯಾವುದಕ್ಕೂ ಬೆನ್ನೆಲುಬಿಲ್ಲ. ಸಿಗಡಿ, ಏಡಿಗಳು ಜೇಡ, ಜಿರಳೆಗಳ ಕಡೆಯವು. ಬೊಂಡಾಸ್ ಬಸವನಹುಳುವಿನ ನೆಂಟ. ನಕ್ಷತ್ರ ಮೀನಿಗೆ ತಲೆಯೂ ಇಲ್ಲ, ಮಿದುಳೂ ಇಲ್ಲ. ಹೆಸರಿನಲ್ಲಿ ಮಾತ್ರ ಮೀನು.

ಆದರೆ ಕಾನೂನು ವಿಜ್ಞಾನದ ಮಾತು ಕೇಳಬೇಕೆಂದೇನಿಲ್ಲ. ಬ್ರಿಟಿಷರ ಕಾಲದ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಪ್ರಕಾರ ಮೀನು ಅಂದರೆ ಚಿಪ್ಪು ಇರುವ ಜಲಚರಗಳೂ ಸೇರಿದವು. ಇದಾದರೂ ಪರವಾಗಿಲ್ಲ, ಅವೂ ನೀರಿನವೇ. ಅಮೆರಿಕದ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಮೀನಿನ ವ್ಯಾಖ್ಯೆಯೊಳಗೆ ‘ಅಕಶೇರುಕ’ ಅನ್ನುವ ಪದ ಹೇಗೋ ಸೇರಿಕೊಂಡಿದೆ. ಅದನ್ನೇ ಹಿಡಿದು 2022ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು, ಅಳಿವಿನಂಚಿನ ಜೀವಿಗಳ ಕಾಯ್ದೆಯ ಮಟ್ಟಿಗೆ ದುಂಬಿಯಂಥ ದಪ್ಪ ಜೇನ್ನೊಣಗಳನ್ನೂ ‘ಮೀನು’ ಎಂದು ಪರಿಗಣಿಸಬಹುದು ಎಂದು ತೀರ್ಪು ಕೊಟ್ಟಿತು. ಜೇನು ಉಳಿಯಲಿ ಅನ್ನುವುದು ಅದರ ಉದ್ದೇಶ, ತಮಾಷೆಯಲ್ಲ. ಆದರೂ ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಪಾಠ ಮುಂದಕ್ಕೆ ಹೋಗುವುದಿಲ್ಲ.

ತಿಮಿಂಗಿಲ ಮೀನಲ್ಲ ಅಂತ ಯಾವಾಗ ಗೊತ್ತಾಯಿತು?

ಗೊತ್ತಾಗಿದ್ದು ಬಹಳ ಹಿಂದೆ. ಒಪ್ಪಿಕೊಂಡಿದ್ದು ಬಹಳ ತಡವಾಗಿ.

ಡಾಲ್ಫಿನ್ ಮರಿ ಹಾಕುತ್ತದೆ, ಹಾಲು ಕುಡಿಸುತ್ತದೆ, ಗಾಳಿ ಉಸಿರಾಡುತ್ತದೆ ಎಂದು ಗ್ರೀಸ್ ದೇಶದ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದ. ತಿಮಿಂಗಿಲ, ಡಾಲ್ಫಿನ್‌ಗಳನ್ನು ಮೀನಿನಿಂದ ಬೇರೆ ಇಟ್ಟಿದ್ದ. ಆಮೇಲಿನವರು ಅದನ್ನು ಮರೆತರು. ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ ಕೂಡ 1735ರಲ್ಲಿ ತಿಮಿಂಗಿಲವನ್ನು ಮೀನಿನ ಜೊತೆಗೇ ಇಟ್ಟಿದ್ದ. 1758ರ ಹತ್ತನೇ ಆವೃತ್ತಿಯಲ್ಲಿ ಅದನ್ನು ತೆಗೆದು ಸಸ್ತನಿಗಳ ಸಾಲಿಗೆ ಹಾಕಿದ.

ಹಾಗಂತ ಪೇಟೆಯವರು ಒಪ್ಪಿದರೇ? 1818ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಮೊಕದ್ದಮೆ ನಡೆಯಿತು. ಮೀನೆಣ್ಣೆಯ ಪೀಪಾಯಿಗಳನ್ನು ಸರಕಾರದ ಇನ್‌ಸ್ಪೆಕ್ಟರ್ ಪರೀಕ್ಷಿಸಬೇಕು, ಅದಕ್ಕೆ ಶುಲ್ಕ ಕಟ್ಟಬೇಕು ಎಂಬ ಹೊಸ ಕಾಯ್ದೆ ಬಂದಿತ್ತು. ಸ್ಯಾಮ್ಯುಯೆಲ್ ಜಡ್ ಎಂಬ ವ್ಯಾಪಾರಿ, ‘ನನ್ನದು ತಿಮಿಂಗಿಲದ ಎಣ್ಣೆ, ತಿಮಿಂಗಿಲ ಮೀನಲ್ಲ, ಶುಲ್ಕ ಕೊಡುವುದಿಲ್ಲ’ ಅಂದ. ಸ್ಯಾಮ್ಯುಯೆಲ್ ಮಿಚಿಲ್ ಎಂಬ ಹೆಸರಾಂತ ವಿಜ್ಞಾನಿ ಬಂದು, ತಿಮಿಂಗಿಲ ಮೀನಲ್ಲ ಎಂದು ಸಾಕ್ಷಿ ಹೇಳಿದ. ಜ್ಯೂರಿಯವರು ಎಲ್ಲ ಕೇಳಿಸಿಕೊಂಡು ತಿಮಿಂಗಿಲ ಮೀನೇ ಎಂದು ತೀರ್ಮಾನಿಸಿದರು! ಜಡ್ ದಂಡ ಕಟ್ಟಬೇಕಾಯಿತು.

ನಮ್ಮ ‘ತಿಮಿಂಗಿಲ’ ಅನ್ನುವ ಪದವೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ‘ತಿಮಿ’ ಅಂದರೆ ಪುರಾಣದ ಭಾರೀ ಮೀನು. ಅದನ್ನೇ ನುಂಗುವಂಥದ್ದು ತಿಮಿಂಗಿಲ. ಕಡಲಹಂದಿ ಅನ್ನುವ ಹೆಸರು ಇದಕ್ಕಿಂತ ವಾಸಿ. ಡಾಲ್ಫಿನ್‌ಗೆ ಹಂದಿ ಎಂದು ಹೆಸರಿಟ್ಟವರು ಅದನ್ನು ಸಸ್ತನಿಯ ಕಡೆಗೇ ತಳ್ಳಿದ್ದಾರೆ.

ಮೀನುಗಳಲ್ಲಿ ಮುಖ್ಯ ಬಗೆ ಎಷ್ಟು?

ಸುಲಭದ ಲೆಕ್ಕದಲ್ಲಿ ಮೂರು: ದವಡೆ ಇಲ್ಲದವು, ಮೆದುಮೂಳೆಯವು, ಗಟ್ಟಿಮೂಳೆಯವು.

ದವಡೆ ಇಲ್ಲದವುಗಳಲ್ಲಿ ಇವತ್ತು ಉಳಿದಿರುವುದು ಎರಡೇ, ಲ್ಯಾಂಪ್ರೆ ಮತ್ತು ಹ್ಯಾಗ್‌ಫಿಶ್. ಎರಡೂ ಸೇರಿ ನೂರಿಪ್ಪತ್ತರ ಆಸುಪಾಸು ಜಾತಿಗಳು. ಲ್ಯಾಂಪ್ರೆ ತಣ್ಣನೆಯ ದೇಶಗಳ ಮೀನು. ಉದ್ದನೆಯ ಮೈ, ಬಾಯಿಯ ಜಾಗದಲ್ಲಿ ಹಲ್ಲು ತುಂಬಿದ ದುಂಡನೆಯ ಬಟ್ಟಲು. ಅದರಲ್ಲಿ ಹಲವು ಜಾತಿಗಳು ಬೇರೆ ಮೀನಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ.

ಮೆದುಮೂಳೆಯವು ಅಂದರೆ ಶಾರ್ಕ್, ತೊರಕೆ, ಮತ್ತೆ ಆಳ ಕಡಲಿನ ಕೈಮೆರಾ. ಇವು ಸಾವಿರದ ಇನ್ನೂರಕ್ಕಿಂತ ತುಸು ಜಾಸ್ತಿ. ಶಾರ್ಕನ್ನು ತುಳುವಿನಲ್ಲಿ ತಾಟೆ ಅಂತಾರೆ. ತೊರಕೆ ಅಂದರೆ ಒತ್ತಿ ಚಪ್ಪಟೆ ಮಾಡಿದ ಶಾರ್ಕ್ ಅಂದುಕೊಳ್ಳಿ, ದೊಡ್ಡ ತಪ್ಪಾಗುವುದಿಲ್ಲ. ಗರಗಸದಂಥ ಮೂತಿಯ ಗರಗಸ ಮೀನನ್ನು ಎಲ್ಲರೂ ಶಾರ್ಕ್ ಅಂತಲೇ ತಿಳಿಯುತ್ತಾರೆ, ಆದರೆ ಅದು ತೊರಕೆಯ ಕಡೆಯದು. ಗುರುತು ಹಿಡಿಯಲು ಸುಲಭದ ದಾರಿ ಕಿವಿರಿನ ಸೀಳು ನೋಡುವುದು. ಶಾರ್ಕಿನಲ್ಲಿ ಅದು ತಲೆಯ ಪಕ್ಕ, ತೊರಕೆಯಲ್ಲಿ ಹೊಟ್ಟೆಯ ಕಡೆ.

ಉಳಿದವೆಲ್ಲ ಗಟ್ಟಿಮೂಳೆಯವು. ಬಂಗುಡೆ, ಭೂತಾಯಿ, ಅಂಜಲ್, ಮಾಂಜಿ, ಕಾಣೆ, ಕೆರೆಯ ಕಾಟ್ಲಾ, ರೋಹು, ಗೆಂಡೆ, ಜಿಲೇಬಿ, ಅಕ್ವೇರಿಯಂನ ಗಪ್ಪಿ, ಎಲ್ಲವೂ ಇದೇ ಪಟ್ಟಿ. ಇವುಗಳ ಕಿವಿರಿಗೆ ಒಂದು ಮುಚ್ಚಳ ಇರುತ್ತದೆ. ಮೀನು ತಾಜಾ ಇದೆಯಾ ಅಂತ ನೋಡಲು ಎತ್ತುತ್ತೇವಲ್ಲ, ಅದೇ. ಶಾರ್ಕಿಗೆ ಆ ಮುಚ್ಚಳ ಇಲ್ಲ, ಬರೀ ಐದರಿಂದ ಏಳು ಸೀಳುಗಳು. ಇನ್ನೊಂದು ವ್ಯತ್ಯಾಸ ಹೊಟ್ಟೆಯೊಳಗಿದೆ. ಬಹುಪಾಲು ಗಟ್ಟಿಮೂಳೆ ಮೀನುಗಳಿಗೆ ತೇಲಲು ಗಾಳಿಚೀಲ ಇರುತ್ತದೆ. ಶಾರ್ಕಿಗೆ ಅದಿಲ್ಲ. ಅದು ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗದ ಬಲದಿಂದ ಮೈ ಹಗುರ ಮಾಡಿಕೊಳ್ಳುತ್ತದೆ.

ಗಟ್ಟಿಮೂಳೆಯವುಗಳಲ್ಲೂ ಎರಡು ಕವಲು. ಒಂದರ ರೆಕ್ಕೆ ಬೀಸಣಿಗೆಯಂತೆ, ತೆಳ್ಳನೆ ಕಡ್ಡಿಗಳ ಮೇಲೆ ಚರ್ಮ ಹೊದಿಸಿದಂತೆ ಇರುತ್ತದೆ. ನಾವು ತಿನ್ನುವ ಗಟ್ಟಿಮೂಳೆ ಮೀನೆಲ್ಲ ಹೆಚ್ಚು ಕಡಿಮೆ ಇದೇ. ಇನ್ನೊಂದು ಕವಲಿನ ರೆಕ್ಕೆಯ ಬುಡದಲ್ಲಿ ಮಾಂಸ, ಅದರೊಳಗೆ ತೋಳಿನಂಥ ಮೂಳೆ. ಈ ಕವಲಿನ ಮೀನುಗಳು ಇವತ್ತು ಜಗತ್ತಿನಲ್ಲಿ ಎಂಟೇ ಎಂಟು ಜಾತಿ: ಶ್ವಾಸಕೋಶ ಇರುವ ಲಂಗ್‌ಫಿಶ್ ಆರು, ಸೀಲಕ್ಯಾಂತ್ ಎರಡು. ಎಂಟೇ ಆದರೂ ಇಡೀ ಕತೆ ನಿಂತಿರುವುದು ಇವುಗಳ ಮೇಲೆ.

ಶಾರ್ಕಿಗೆ ಮೂಳೆಯೇ ಇಲ್ಲ ಅಂತಾರೆ. ಮತ್ತೆ ಬೆನ್ನೆಲುಬಿನ ಪ್ರಾಣಿ ಹೇಗಾಯಿತು?

ಬೆನ್ನೆಲುಬು ಅಂದರೆ ಗಟ್ಟಿ ಎಲುಬೇ ಆಗಬೇಕೆಂದಿಲ್ಲ. ನಿಮ್ಮ ಕಿವಿಯ ಮೇಲ್ಭಾಗವನ್ನು ಮಡಚಿ ಬಿಡಿ, ವಾಪಸು ನೆಟ್ಟಗಾಗುತ್ತದೆ. ಆ ವಸ್ತುವೇ ಮೆದುಮೂಳೆ. ಶಾರ್ಕಿನ ಬೆನ್ನಿನ ಮಣಿಗಳು ಅದರಿಂದಲೇ ಆಗಿವೆ, ಮೇಲೆ ಸುಣ್ಣದಂಶ ಸೇರಿ ಗಟ್ಟಿಯಾಗಿರುತ್ತವೆ. ಮಣಿ ಪೋಣಿಸಿದ ಸಾಲು ಇದೆ, ಒಳಗೆ ನರದ ಹುರಿ ಇದೆ. ಅಷ್ಟು ಸಾಕು.

ಶಾರ್ಕ್ ಹಳೆಯ ಕಾಲದ ‘ಹಿಂದುಳಿದ’ ಮೀನು, ಅದಕ್ಕೇ ಅದಕ್ಕೆ ಗಟ್ಟಿ ಮೂಳೆ ಬರಲಿಲ್ಲ ಎಂದು ಮೊದಲು ಹೇಳುತ್ತಿದ್ದರು. ಅದು ಈಗ ಅಲುಗಾಡುತ್ತಿದೆ. ಮಂಗೋಲಿಯಾದಲ್ಲಿ ಸಿಕ್ಕ ಸುಮಾರು 41 ಕೋಟಿ ವರ್ಷ ಹಳೆಯ ಮೀನೊಂದರ ತಲೆಬುರುಡೆಯಲ್ಲಿ ಗಟ್ಟಿ ಮೂಳೆ ಇದ್ದದ್ದು 2020ರಲ್ಲಿ ಪ್ರಕಟವಾಯಿತು. ಅದು ಶಾರ್ಕ್ ಮತ್ತು ಗಟ್ಟಿಮೂಳೆ ಮೀನುಗಳು ಕವಲೊಡೆಯುವುದಕ್ಕಿಂತ ಕೆಳಗಿನ ಕೊಂಬೆಯದು. ಅಂದರೆ ಶಾರ್ಕಿನ ಪೂರ್ವಿಕರಿಗೆ ಗಟ್ಟಿ ಮೂಳೆ ಇತ್ತು, ಶಾರ್ಕ್ ಅದನ್ನು ಬಿಟ್ಟುಕೊಟ್ಟಿತು ಎಂದು ಕಾಣುತ್ತದೆ. ಮೈ ಹಗುರವಾದರೆ ಈಜಲು ಲಾಭವೇ ಅಲ್ವಾ?

ಅಂದ ಹಾಗೆ, 1758ರಲ್ಲಿ ತಿಮಿಂಗಿಲವನ್ನು ಸರಿಯಾದ ಜಾಗಕ್ಕೆ ಸೇರಿಸಿದ ಅದೇ ಲಿನೇಯಸ್, ಶಾರ್ಕ್ ಮತ್ತು ತೊರಕೆಗಳನ್ನು ಕಪ್ಪೆ, ಹಾವುಗಳ ಗುಂಪಿಗೆ ಹಾಕಿಬಿಟ್ಟಿದ್ದ. ಹ್ಯಾಗ್‌ಫಿಶ್‌ನ ಗತಿ ಇನ್ನೂ ಕಷ್ಟ. ಅದು ಹುಳುಗಳ ಜೊತೆ ಕೂತಿತ್ತು. ಮಕ್ಕಳು ಪರೀಕ್ಷೆಯಲ್ಲಿ ತಪ್ಪು ಬರೆದಾಗ ನಾನು ಇದನ್ನು ನೆನಪು ಮಾಡಿಕೊಂಡು ಸಮಾಧಾನ ಪಡುತ್ತೇನೆ.

ಹ್ಯಾಗ್‌ಫಿಶ್‌ಗೆ ಬೆನ್ನೆಲುಬು ಇದೆಯಾ, ಇಲ್ವಾ?

ತಲೆಬುರುಡೆ ಇದೆ, ಬೆನ್ನಿನ ಮಣಿ ಇಲ್ಲ ಎಂದೇ ಬಹಳ ಕಾಲ ತಿಳಿದಿದ್ದರು. ಆಮೇಲೆ ಅದರ ಬಾಲದ ಕಡೆ ಮಣಿಗಳ ಕುರುಹು ಸಿಕ್ಕಿತು. ಡಿಎನ್‌ಎ ಹೋಲಿಕೆಯೂ ಅದನ್ನು ಲ್ಯಾಂಪ್ರೆಯ ಜೊತೆಗೇ ಕೂರಿಸಿತು. ಮೊದಲು ಇದ್ದದ್ದನ್ನು ಕಳೆದುಕೊಂಡಿದೆ ಅನ್ನುವುದು ಈಗಿನ ಅಭಿಪ್ರಾಯ. ಅದನ್ನು ಹಿಡಿದರೆ ಕ್ಷಣದಲ್ಲಿ ರಾಶಿ ಲೋಳೆ ಬಿಡುತ್ತದೆ. ಹಿಡಿಯಲು ಬಂದ ಮೀನಿನ ಕಿವಿರು ಕಟ್ಟಿಕೊಳ್ಳುವಷ್ಟು!

ಸೀಲಕ್ಯಾಂತ್ ಬಗ್ಗೆ ಇಷ್ಟೊಂದು ಮಾತು ಯಾಕೆ?

ಸತ್ತುಹೋಗಿದೆ ಎಂದು ತಿಥಿ ಮಾಡಿದ ಮೇಲೆ ಮನೆಗೆ ಬಂದವನ ಹಾಗೆ ಅದು. ಸೀಲಕ್ಯಾಂತ್‌ಗಳ ಪಳೆಯುಳಿಕೆ ಡೈನೊಸಾರ್‌ಗಳ ಕಾಲದವರೆಗೆ ಸಿಗುತ್ತದೆ, ಆಮೇಲೆ ಇಲ್ಲ. ಆರೂವರೆ ಕೋಟಿ ವರ್ಷದ ಹಿಂದೆಯೇ ಅಳಿದುಹೋಯಿತು ಎಂದು ಎಲ್ಲರೂ ನಂಬಿದ್ದರು. 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಎಂಬ ಬಂದರಿಗೆ ಬಂದ ಟ್ರಾಲರ್ ದೋಣಿಯ ಮೀನಿನ ರಾಶಿಯಲ್ಲಿ ಒಂದು ನೀಲಿ ಮೀನು ಕಂಡಿತು. ಕಂಡವರು ಅಲ್ಲಿನ ಚಿಕ್ಕ ಮ್ಯೂಸಿಯಂನ ಮೇಲ್ವಿಚಾರಕಿ ಮಾರ್ಜೊರಿ ಕೋರ್ಟನೇ ಲ್ಯಾಟಿಮರ್. ಒಂದೂವರೆ ಮೀಟರ್ ಉದ್ದದ ಆ ಮೀನನ್ನು ಅವರು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಬಂದರು. ಅದನ್ನು ಗುರುತಿಸಿದ ಜೆ. ಎಲ್. ಬಿ. ಸ್ಮಿತ್ 1939ರಲ್ಲಿ ಅವರ ಹೆಸರನ್ನೇ ಸೇರಿಸಿ ‘ಲ್ಯಾಟಿಮೇರಿಯಾ ಚಾಲುಮ್ನೆ’ ಎಂದು ಕರೆದರು. ಎರಡನೆಯ ಮೀನು ಸಿಗಲು 1952ರವರೆಗೆ, ಅಂದರೆ ಹದಿನಾಲ್ಕು ವರ್ಷ ಕಾಯಬೇಕಾಯಿತು. ಸಿಕ್ಕಿದ್ದು ಕೊಮೊರೊ ದ್ವೀಪಗಳಲ್ಲಿ. ಅಲ್ಲಿನ ಮೀನುಗಾರರಿಗೆ ಅದು ಹೊಸದೇನಲ್ಲ. ‘ಗೊಂಬೆಸ್ಸಾ’ ಎಂದು ಹೆಸರೂ ಇತ್ತು. ಇನ್ನೊಂದು ಜಾತಿ 1997ರಲ್ಲಿ ಇಂಡೊನೇಷ್ಯಾದ ಮನಾಡೊ ಪೇಟೆಯ ಮೀನು ಮಾರುಕಟ್ಟೆಯಲ್ಲಿ ಕಣ್ಣಿಗೆ ಬಿತ್ತು. ವಿಜ್ಞಾನಕ್ಕೆ ಕಾಣುವ ಮೊದಲೇ ಅದು ಮಾರಾಟಕ್ಕೆ ಬಂದಿತ್ತು.

‘ಮೀನು ಅನ್ನುವ ಗುಂಪೇ ಇಲ್ಲ’ ಅಂತ ಎಲ್ಲೋ ಓದಿದೆ. ಇದೇನು ಹೊಸ ತಮಾಷೆ?

ತಮಾಷೆಯಲ್ಲ. ನನ್ನನ್ನು ಕೇಳಿದರೆ ಈ ಪುಟದಲ್ಲಿ ಓದಲೇಬೇಕಾದ ಪ್ರಶ್ನೆ ಇದೇ.

ಒಂದು ಮನೆತನದ ಫೋಟೊ ತೆಗೆಯುತ್ತಿದ್ದೀರಿ ಅಂದುಕೊಳ್ಳಿ. ಮುತ್ತಜ್ಜ, ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರೂ ಬಂದಿದ್ದಾರೆ. ಒಬ್ಬ ಮೊಮ್ಮಗ ಊರು ಬಿಟ್ಟು ಬೆಂಗಳೂರಿಗೆ ಹೋಗಿ ಪ್ಯಾಂಟು ಹಾಕಿಕೊಂಡಿದ್ದಾನೆ. ‘ನೀನು ಈಗ ನಮ್ಮ ಥರ ಇಲ್ಲ, ನೀನೂ ನಿನ್ನ ಮಕ್ಕಳೂ ಫೋಟೊದಿಂದ ಆಚೆ ನಿಲ್ಲಿ’ ಅಂದರೆ ಹೇಗಿರುತ್ತದೆ? ಫೋಟೊ ಚೆನ್ನಾಗಿ ಬರಬಹುದು. ಆದರೆ ಅದನ್ನು ಮನೆತನದ ಫೋಟೊ ಅನ್ನಲು ಆಗುವುದಿಲ್ಲ. ‘ಪಂಚೆ ಉಟ್ಟವರ ಫೋಟೊ’ ಅನ್ನಬಹುದು, ಅಷ್ಟೇ.

‘ಮೀನು’ ಅನ್ನುವ ಗುಂಪು ಹೀಗೇ ಆಗಿದೆ. ಸುಮಾರು 37 ಕೋಟಿ ವರ್ಷದ ಹಿಂದೆ, ಮಾಂಸದ ಬುಡದ ರೆಕ್ಕೆ ಇದ್ದ ಮೀನುಗಳ ಒಂದು ಕವಲು ಕಾಲು ಬೆಳೆಸಿಕೊಂಡು ನೆಲದ ಕಡೆ ಬಂತು. ಕಪ್ಪೆ, ಹಲ್ಲಿ, ಕಾಗೆ, ಹಸು, ನಾವು, ಎಲ್ಲರೂ ಆ ಕವಲಿನವರು. ಲಂಗ್‌ಫಿಶ್‌ಗೆ ಅತಿ ಹತ್ತಿರದ ದಾಯಾದಿ ಯಾರು? ಬಂಗುಡೆ ಅಲ್ಲ, ಹಸು. ನೋಡಲು ಲಂಗ್‌ಫಿಶ್ ಮತ್ತು ಬಂಗುಡೆ ಒಂದೇ ಥರ. ರಕ್ತಸಂಬಂಧ ನೋಡಿದರೆ ಲಂಗ್‌ಫಿಶ್ ಮತ್ತು ಹಸುವೇ ಹತ್ತಿರ. ಹಸುವನ್ನು ಹೊರಗಿಟ್ಟು ಉಳಿದವರನ್ನೆಲ್ಲ ‘ಮೀನು’ ಎಂದು ಕರೆದರೆ ಅದು ಪಂಚೆ ಉಟ್ಟವರ ಫೋಟೊ ಆಗುತ್ತದೆ.

ಹೀಗೆ ಬರೀ ವಂಶಾವಳಿ ನೋಡಿ ಗುಂಪು ಮಾಡಬೇಕು ಅನ್ನುವ ಕ್ರಮವನ್ನು ಜರ್ಮನಿಯ ಕೀಟತಜ್ಞ ವಿಲ್ಲಿ ಹೆನ್ನಿಗ್ 1950ರಲ್ಲಿ ಮುಂದಿಟ್ಟ. ಅದು ಎಲ್ಲ ಕಡೆ ಹಬ್ಬಲು ಇಪ್ಪತ್ತು ಮೂವತ್ತು ವರ್ಷ ಹಿಡಿಯಿತು. ಸಾಲ್ಮನ್, ಲಂಗ್‌ಫಿಶ್, ಹಸು, ಈ ಮೂರರಲ್ಲಿ ಯಾವ ಎರಡು ಹತ್ತಿರ ಎಂದು 1970ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಜಗಳವನ್ನೇ ಆಡಿದರು. ಇವತ್ತು ಆ ಜಗಳ ಮುಗಿದಿದೆ. ಲಂಗ್‌ಫಿಶ್ ಮತ್ತು ಹಸು ಗೆದ್ದಿವೆ.

ಇದನ್ನು ಇನ್ನೂ ಸ್ವಲ್ಪ ಎಳೆದು ನೋಡಿ, ಮಜಾ ಇದೆ. ರಂಪಣಿ ಬಲೆಯಲ್ಲಿ ಬಂಗುಡೆ, ಭೂತಾಯಿ ಎರಡೂ ಬೀಳುತ್ತವೆ, ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ. ಆದರೆ ಭೂತಾಯಿಗೆ ಬಂಗುಡೆಗಿಂತ ಕೆರೆಯ ರೋಹು ಹತ್ತಿರದ ನೆಂಟ. ಬಂಗುಡೆಗೆ ಭೂತಾಯಿಗಿಂತ ಕಡಲ ಕುದುರೆ ಹತ್ತಿರ. ಇನ್ನು ಬಂಗುಡೆಯ ಪಕ್ಕ ಒಂದು ತಾಟೆ ಮಲಗಿದ್ದು, ಎದುರು ನೀವು ಚೀಲ ಹಿಡಿದು ನಿಂತಿದ್ದರೆ, ಬಂಗುಡೆಗೆ ಹತ್ತಿರದವರು ನೀವೇ, ತಾಟೆಯಲ್ಲ. ಗಟ್ಟಿ ಮೂಳೆಯ ಮನೆತನ ನಿಮ್ಮದು, ಅದರದ್ದೂ.

ಹಾಗಾದರೆ ಮನುಷ್ಯನೂ ಮೀನೇ?

ವಂಶಾವಳಿಯ ಲೆಕ್ಕ ಬಿಗಿಯಾಗಿ ಹಿಡಿದರೆ ಹೌದು. ನಾವು ನೆಲಕ್ಕೆ ಬಂದ, ಮಾಂಸದ ರೆಕ್ಕೆಯ, ಗಟ್ಟಿಮೂಳೆಯ ಮೀನುಗಳು. ಇದು ಬರೀ ಮಾತಿನ ಚಮತ್ಕಾರವಲ್ಲ, ಮೈಯಲ್ಲೇ ಕುರುಹು ಇದೆ. ತಾಯಿಯ ಹೊಟ್ಟೆಯಲ್ಲಿ ನಾಲ್ಕೈದು ವಾರದ ಭ್ರೂಣದ ಕತ್ತಿನ ಬಳಿ ಸಾಲು ಉಬ್ಬುಗಳಿರುತ್ತವೆ. ಮೀನಿನಲ್ಲಿ ಅಂಥ ಉಬ್ಬುಗಳಿಂದ ಕಿವಿರಿನ ಕಮಾನು ಬೆಳೆಯುತ್ತದೆ. ನಮ್ಮಲ್ಲಿ ಅವು ದವಡೆ, ಗಂಟಲು, ಕಿವಿಯ ಭಾಗಗಳಾಗುತ್ತವೆ. ಮೀನಿನಲ್ಲಿ ದವಡೆಗೆ ಆಸರೆಯಾಗಿರುವ ಒಂದು ಮೂಳೆಯೇ ನಮ್ಮ ಕಿವಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕದಾಗಿ, ಸದ್ದು ದಾಟಿಸುವ ಕೆಲಸ ಮಾಡುತ್ತಿದೆ.

ನಡುವಿನ ಹಂತದ ಪ್ರಾಣಿಯೂ ಸಿಕ್ಕಿದೆ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ನೀಲ್ ಶೂಬಿನ್ ಮತ್ತು ಜೊತೆಗಾರರು 2004ರಲ್ಲಿ ಅಗೆದು ತೆಗೆದ ‘ಟಿಕ್ಟಾಲಿಕ್’ ಅದು. ಸುಮಾರು 37.5 ಕೋಟಿ ವರ್ಷ ಹಳೆಯದು. ಹುರುಪೆ, ಕಿವಿರು, ರೆಕ್ಕೆ ಎಲ್ಲ ಮೀನಿನದ್ದು. ಆದರೆ ತಲೆ ಚಪ್ಪಟೆ, ಕತ್ತು ತಿರುಗುತ್ತದೆ, ರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳು.

ಶ್ವಾಸಕೋಶದ ಕತೆಯೂ ಹೀಗೇ ತಿರುಗುಮುರುಗು. ಮೀನಿನ ಗಾಳಿಚೀಲವೇ ಮುಂದೆ ಶ್ವಾಸಕೋಶವಾಯಿತು ಎಂದು ಡಾರ್ವಿನ್ ಭಾವಿಸಿದ್ದ. ಈಗ ತಿಳಿದಿರುವುದು ಉಲ್ಟಾ. ಹಳೆಯ ಗಟ್ಟಿಮೂಳೆ ಮೀನುಗಳಿಗೆ ಮೊದಲೇ ಶ್ವಾಸಕೋಶ ಇತ್ತು, ಬಂಗುಡೆ ರೋಹುಗಳ ಕವಲಿನಲ್ಲಿ ಅದು ಗಾಳಿಚೀಲವಾಯಿತು.

ಪರೀಕ್ಷೆಯಲ್ಲಿ ಏನು ಬರೆಯಬೇಕು?

ದಯವಿಟ್ಟು ‘ಮೀನು ಅನ್ನುವ ಗುಂಪಿಲ್ಲ’ ಎಂದು ಬರೆಯಬೇಡಿ, ಅಂಕ ಹೋಗುತ್ತದೆ. ಹೈಸ್ಕೂಲಿನಲ್ಲಿ ‘ಮತ್ಸ್ಯಗಳು’ ಒಂದು ವರ್ಗ: ಕಿವಿರಿನಿಂದ ಉಸಿರಾಟ, ಎರಡು ಕೋಣೆಯ ಹೃದಯ, ಶೀತರಕ್ತ, ಮೈಮೇಲೆ ಹುರುಪೆ. ಪಿಯುಸಿಗೆ ಬಂದರೆ ದವಡೆ ಇಲ್ಲದ ‘ಸೈಕ್ಲೊಸ್ಟೊಮೇಟಾ’ ಬೇರೆ. ದವಡೆ ಇರುವವುಗಳಲ್ಲಿ ‘ಪಿಸೀಸ್’, ಅದರೊಳಗೆ ಮೆದುಮೂಳೆಯ ‘ಕಾಂಡ್ರಿಕ್ತಿಸ್’, ಗಟ್ಟಿಮೂಳೆಯ ‘ಆಸ್ಟಿಕ್ತಿಸ್’. ಪರೀಕ್ಷೆಗೆ ಅಷ್ಟು ಸಾಕು. ಈ ವಿಂಗಡಣೆ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಪಂಚೆ ಉಟ್ಟವರನ್ನು ಎಣಿಸುವ ಅಗತ್ಯವೂ ಒಮ್ಮೊಮ್ಮೆ ಬರುತ್ತದೆ.

ಎಲ್ಲ ಮೀನೂ ಶೀತರಕ್ತವೇ?

ಬಹುಪಾಲು. ಟ್ಯೂನಾ ಮೀನು ಈಜುವ ಸ್ನಾಯುಗಳನ್ನು ಸುತ್ತಲ ನೀರಿಗಿಂತ ಬೆಚ್ಚಗೆ ಇಟ್ಟುಕೊಳ್ಳುತ್ತದೆ. ಓಪಾ ಅನ್ನುವ ದುಂಡನೆಯ ಕೆಂಪು ಮೀನು ಹೃದಯ ಸಮೇತ ಇಡೀ ಮೈಯನ್ನೇ ಬೆಚ್ಚಗಿಡುತ್ತದೆ ಎಂದು 2015ರಲ್ಲಿ ಗೊತ್ತಾಯಿತು.

ಹಾವು ಮೀನು, ಕಡಲ ಕುದುರೆ, ನಂಗು? ಇವು ಯಾವ ಪಟ್ಟಿ?

ಮೂರೂ ಗಟ್ಟಿಮೂಳೆ ಮೀನುಗಳೇ. ಹಾವು ಮೀನಿಗೂ ಹಾವಿಗೂ ಸಂಬಂಧವಿಲ್ಲ, ಆಕಾರ ಮಾತ್ರ ಒಂದೇ. ಕಡಲ ಕುದುರೆಯಲ್ಲಿ ಮರಿ ಹೊರುವುದು ಗಂಡು. ನಂಗು ಹುಟ್ಟುವಾಗ ಎಲ್ಲ ಮೀನಿನಂತೆ ಎರಡು ಪಕ್ಕಕ್ಕೂ ಒಂದೊಂದು ಕಣ್ಣು ಇರುತ್ತದೆ. ಬೆಳೆಯುತ್ತಾ ಒಂದು ಕಣ್ಣು ತಲೆಯ ಮೇಲಿಂದ ಹಾದು ಇನ್ನೊಂದು ಪಕ್ಕಕ್ಕೆ ಬರುತ್ತದೆ, ಆಮೇಲೆ ಮೀನು ಒಂದು ಮಗ್ಗುಲಲ್ಲೇ ಮಲಗಿ ಬದುಕುತ್ತದೆ. ಹಾಗಾಗಿ ನಂಗು ಮತ್ತು ತೊರಕೆ ಎರಡೂ ಚಪ್ಪಟೆಯಾದರೂ ಚಪ್ಪಟೆಯಾದ ದಾರಿ ಬೇರೆ. ತೊರಕೆ ಕವುಚಿ ಮಲಗಿದ್ದು, ನಂಗು ಮಗ್ಗುಲಾದದ್ದು.

ನಮ್ಮಲ್ಲಿ ಹಿಂದೆ ಯಾರೂ ಮೀನುಗಳನ್ನು ವಿಂಗಡಿಸಿರಲಿಲ್ವಾ?

ವಿಂಗಡಿಸಿದ್ದರು, ಅದೂ ಒಬ್ಬ ದೊರೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ. ಅಡುಗೆ, ಸಂಗೀತ, ಆನೆ, ಔಷಧ ಎಲ್ಲ ಇರುವ ಆ ಗ್ರಂಥದಲ್ಲಿ ಗಾಳ ಹಾಕಿ ಮೀನು ಹಿಡಿಯುವ ಆಟಕ್ಕೇ ಒಂದು ಭಾಗವಿದೆ. ಅಲ್ಲಿ ಮೀನುಗಳನ್ನು ಕಡಲಿನವು, ಹೊಳೆಯವು ಎಂದೂ, ಹುರುಪೆ ಇರುವವು, ಬರೀ ಚರ್ಮದವು ಎಂದೂ, ಗಾತ್ರ ನೋಡಿಯೂ ಬೇರೆ ಮಾಡಿದ್ದಾರೆ. ಯಾವುದಕ್ಕೆ ಯಾವ ಆಹಾರ ಅನ್ನುವ ವಿವರವೂ ಇದೆ. ಭಾರತದ ಮೀನುಗಳನ್ನು ಜೀವನವಿಡೀ ಓದಿದ ವಿಜ್ಞಾನಿ ಸುಂದರ್ ಲಾಲ್ ಹೋರಾ 1950ರ ಆಸುಪಾಸಿನಲ್ಲಿ ಈ ಭಾಗವನ್ನು ಹಿಡಿದು ವಿವರವಾಗಿ ಬರೆದರು.

ಇದು ವಂಶಾವಳಿಯ ವಿಂಗಡಣೆಯಲ್ಲ, ಗಾಳ ಹಾಕುವವನ ವಿಂಗಡಣೆ. ಅವನಿಗೆ ಬೇಕಾದದ್ದು ಎಲ್ಲಿ ಸಿಗುತ್ತದೆ, ಏನು ತಿನ್ನುತ್ತದೆ, ಎಷ್ಟು ತೂಗುತ್ತದೆ. ನಮ್ಮ ಮೀನು ಮಾರುವ ಅಕ್ಕಂದಿರ ವಿಂಗಡಣೆಯೂ ಅಂಥದ್ದೇ: ಮುಳ್ಳು ಜಾಸ್ತಿಯದ್ದು, ಮುಳ್ಳು ಕಡಿಮೆಯದ್ದು, ಹುರಿಯಲು, ಸಾರಿಗೆ. ಕೆಲಸಕ್ಕೆ ತಕ್ಕ ಲೆಕ್ಕ.

ಲ್ಯಾಟಿನ್ ಹೆಸರು ಯಾಕೆ ಬೇಕು? ನಮ್ಮ ಹೆಸರು ಸಾಲದಾ?

ಮಂಗಳೂರಿನಲ್ಲಿ ಭೂತಾಯಿ, ಕಾರವಾರದ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ. ಮೀನು ಒಂದೇ. ಇನ್ನೊಂದು ಕಡೆ, ಬೇರೆ ಬೇರೆ ಮೀನಿಗೆ ಒಂದೇ ಹೆಸರು ಹೇಳುವ ಊರುಗಳೂ ಇವೆ. ಅದಕ್ಕೇ ಎಲ್ಲರಿಗೂ ಸೇರಿ ಒಂದು ಹೆಸರು.

ಆದರೆ ಆ ‘ಲ್ಯಾಟಿನ್’ ಹೆಸರುಗಳನ್ನು ಕೆರೆದು ನೋಡಿದರೆ ಒಳಗೆ ನಮ್ಮವೇ ಸಿಗುತ್ತವೆ. ಬಂಗುಡೆ ‘ರಾಸ್ಟ್ರೆಲ್ಲಿಜರ್ ಕನಗುರ್ತಾ’. ಅದರಲ್ಲಿ ‘ಕನಗುರ್ತಾ’ ವಿಶಾಖಪಟ್ಟಣದ ಮೀನುಗಾರರು ಹೇಳುತ್ತಿದ್ದ ತೆಲುಗು ಹೆಸರು. ರೋಹು ‘ಲೇಬಿಯೊ ರೋಹಿತಾ’. ಆ ಹೆಸರಿಟ್ಟವನು ಗಂಗಾ ನದಿಯ ಮೀನುಗಳ ಬಗ್ಗೆ 1822ರಲ್ಲಿ ಬರೆದ ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸತ್ತ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ವರದಿ ಬರೆದ ಬುಕಾನನ್ ಇದ್ದಾನಲ್ಲ, ಇವನೇ ಅವನು. ಆಮೇಲೆ ಹೆಸರು ಬದಲಿಸಿಕೊಂಡ. ಶರಾವತಿಯ ಹೆಸರಿನ ಮೀನೂ ಇದೆ, 2004ರಲ್ಲಿ ಹೆಸರು ಪಡೆದ ಪುಟ್ಟ ಮೀಸೆ ಮೀನು, ‘ಬಟಾಸಿಯೊ ಶರಾವತಿಯೆನ್ಸಿಸ್’.

ವರ್ಗೀಕರಣ ಮುಗಿದ ಕೆಲಸವಾ, ಈಗಲೂ ಬದಲಾಗುತ್ತಾ?

ಪ್ರತಿ ವರ್ಷ ನೂರಾರು ಹೊಸ ಮೀನುಗಳಿಗೆ ಹೆಸರು ಬೀಳುತ್ತಿದೆ. ಪಕ್ಕದ ಕೇರಳದಲ್ಲಿ 2018ರ ನೆರೆಯಾದ ಮೇಲೆ ಒಂದು ವಿಚಿತ್ರ ಮೀನು ಬೆಳಕಿಗೆ ಬಂತು. ಕೆಂಗಲ್ಲಿನ ನೆಲದಡಿಯ ನೀರಿನಲ್ಲಿ ಇರುವ, ಕೊರವ ಮೀನಿನ ದೂರದ ನೆಂಟ. 2019ರಲ್ಲಿ ಹೆಸರಿಟ್ಟರು. 2020ರಲ್ಲಿ ಕೂಲಂಕಷವಾಗಿ ನೋಡಿ, ಇದಕ್ಕೆ ಬೇರೆ ಕುಟುಂಬವೇ ಬೇಕು ಎಂದರು. ಹೊಸ ಜಾತಿ ಸಿಗುವುದು ಮಾಮೂಲು, ಬೆನ್ನೆಲುಬಿನ ಪ್ರಾಣಿಗಳಲ್ಲಿ ಹೊಸ ಕುಟುಂಬ ಸಿಗುವುದು ಅಪರೂಪ.

ಇನ್ನೊಂದು ನಮ್ಮ ಕಾವೇರಿಯದ್ದೇ. ಗೂನು ಬೆನ್ನಿನ ಮಹಶೀರ್, 50 ಕಿಲೊ ದಾಟಿ ಬೆಳೆಯುವ ಮೀನು. ಗಾಳ ಹಾಕುವ ದೊರೆಗಳು ಬ್ರಿಟಿಷರ ಕಾಲದಿಂದಲೂ ಅದರ ಹಿಂದೆ ಬಿದ್ದಿದ್ದರು. ಜಗತ್ತಿನ ತುಂಬ ಫೋಟೊಗಳು ಹಬ್ಬಿದವು. ಆದರೆ ಅದಕ್ಕೆ ಒಂದು ಖಚಿತ ವೈಜ್ಞಾನಿಕ ಹೆಸರು ಇರಲಿಲ್ಲ! 2007ರಲ್ಲಿ ಕಾವೇರಿಯ ನೀರಿಗೇ ಸೇರುವ ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳನ್ನು ನೋಡಿ ‘ಟಾರ್ ರೆಮಾದೇವಿ’ ಎಂಬ ಜಾತಿಯನ್ನು ಗುರುತಿಸಿದ್ದರು. ಕಾವೇರಿಯ ದೊಡ್ಡ ಮೀನೂ ಅದೂ ಒಂದೇ ಎಂದು ಡಿಎನ್‌ಎ ನೋಡಿ ತೋರಿಸಿದ್ದು 2018ರಲ್ಲಿ. ಹೆಸರು ಖಚಿತವಾದ ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ, ಅಳಿವಿಗೆ ತೀರಾ ಹತ್ತಿರವಾದ ಜೀವಿಗಳ ಸಾಲಿಗೆ ಸೇರಿತು.